ಅರಿತು ಕೊಡುವ ಒಪ್ಪಿಗೆ ಯಾವ ಭಾಷೆಯಲ್ಲಿ?



ಕೇಂದ್ರ ಸರ್ಕಾರದ ಕಡತಗಳ ನಡುವೆ ಮೂರು ದಶಕ ಕಳೆದವನಿಗೆ ಸಹಿಯ ಬೆಲೆ ಗೊತ್ತಿರುತ್ತದೆ. ಆಸ್ಪತ್ರೆಯಲ್ಲಿ ಮಾತ್ರ ನಾವೆಲ್ಲರೂ ತೋರಿಸಿದ ಕಡೆ ಸಹಿ ಹಾಕಿಬಿಡುತ್ತೇವೆ. ಮನೋರೋಗದ ಚಿಕಿತ್ಸೆಯಲ್ಲಂತೂ ಅನೇಕ ವೇಳೆ ಆ ಸಹಿ ರೋಗಿಯದೇ ಆಗಿರುವುದಿಲ್ಲ. ಮಗನದೋ ಗಂಡನದೋ ಆಗಿರುತ್ತದೆ. ಮೌನವೇ ಸಮ್ಮತಿಯ ಲಕ್ಷಣವೆಂಬ ನಾಣ್ಣುಡಿ ಅಲ್ಲಿ ಮಾಡುವಷ್ಟು ಅನ್ಯಾಯವನ್ನು ಬೇರೆಲ್ಲಿಯೂ ಮಾಡಲಾರದು.

1987ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಬಂಧು ಅಥವಾ ಮಿತ್ರನ ಅರ್ಜಿ, ಇಬ್ಬರು ವೈದ್ಯರ ಪ್ರಮಾಣಪತ್ರ ಇದ್ದರೆ ತಾನಾಗಿ ಒಪ್ಪಲಾರದ ಸ್ಥಿತಿಯ ರೋಗಿಯನ್ನು 90 ದಿನಗಳವರೆಗೆ ಆಸ್ಪತ್ರೆಯಲ್ಲಿ ಇರಿಸಬಹುದಾಗಿತ್ತು. 2018ರ ಮೇ 29ರಂದು ಜಾರಿಗೆ ಬಂದ ಹೊಸ ಕಾಯಿದೆ ಬುಡದಿಂದಲೇ ಬೇರೆ. ರೋಗಿಗೆ ನಿರ್ಧಾರ ಮಾಡುವ ಸಾಮರ್ಥ್ಯ ಉಂಟೆಂಬ ನಂಬಿಕೆಯಿಂದಲೇ ಅದು ಹೊರಡುತ್ತದೆ. ಅವನ ನಿರ್ಧಾರ ಇತರರಿಗೆ ತಪ್ಪೆಂದು ಕಂಡ ಮಾತ್ರಕ್ಕೆ ಆ ಸಾಮರ್ಥ್ಯ ಇಲ್ಲವೆನ್ನುವಂತಿಲ್ಲ. ಆಪ್ತರ ಬೆಂಬಲದಿಂದ ದಾಖಲಾದ ರೋಗಿಯ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡಬೇಕಾಗಿ ಬಂದರೂ, ಅವನ ಸಾಮರ್ಥ್ಯ ಮರಳಿದೆಯೇ ಎಂದು ಏಳು ದಿನಗಳಿಗೊಮ್ಮೆ ನೋಡಬೇಕು. ನಾವು ಆಡುಮಾತಿನಲ್ಲಿ ‘ಕರೆಂಟು ಕೊಡಿಸುವುದು’ ಎನ್ನುವ ಚಿಕಿತ್ಸೆಯನ್ನು ಅರಿವಳಿಕೆಯಿಲ್ಲದೆ ಕೊಡುವುದು ನಿಷಿದ್ಧ. ತುರ್ತು ಚಿಕಿತ್ಸೆಯ ಹೆಸರಿನಲ್ಲಿಯೂ ಅದನ್ನು ಕೊಡುವಂತಿಲ್ಲ.

ಹೊರನಾಡಿಗರಾದ ನಮಗೆ ಈ ಕಾಯಿದೆಯಲ್ಲಿ ಬಹು ಮುಖ್ಯವಾದುದು ಒಂದು ಸಣ್ಣ ಮಾತು: ಚಿಕಿತ್ಸೆಯ ವಿವರವನ್ನು ರೋಗಿಗೆ ತಿಳಿಯುವ ಸರಳ ಭಾಷೆಯಲ್ಲಿ ಹೇಳಬೇಕು. ನಮ್ಮ ಕ್ವಾರ್ಟರ್ಸಿಗೆ ಹಾವೇರಿ ಕಡೆಯ ವೃದ್ಧೆಯೊಬ್ಬರು ಪತಿ ತೀರಿಕೊಂಡ ಮೇಲೆ ಮಗನ ಮನೆಗೆ ಬಂದರು. ನಿದ್ರೆ ಕೆಟ್ಟಿತು, ಅನ್ನ ಸೇರದಾಯಿತು. ವೈದ್ಯರು ಹಿಂದಿಯಲ್ಲಿ ಕೇಳಿದರು. ಮಗ ಹಿಂದಿಯಲ್ಲಿ ಉತ್ತರಿಸಿದ. ತಾಯಿ ಗೋಡೆ ನೋಡುತ್ತ ಕುಳಿತರು. ಮಾತ್ರೆ ಉಗುಳುವುದು ಹಠವೆಂದು ಚೀಟಿಯಲ್ಲಿ ದಾಖಲಾಯಿತು. ಒಂದು ದಿನ ಬಿಜಾಪುರದ ಕಡೆಯ ದಾದಿಯೊಬ್ಬಳು “ಅವ್ವಾ, ಗುಳಿಗಿ ಯಾಕ ಒಲ್ಲೆ ಅಂತೀರಿ?” ಎಂದಾಗ ಉತ್ತರ ಬಂತು: “ಅದನ್ನ ತಗೊಂಡ್ರ ಕೈ ನಡಗತಾವ. ರೊಟ್ಟಿ ಬಡೀಲಿಕ್ಕ ಬರೂದಿಲ್ಲ.” ವೈದ್ಯರು ಪ್ರಮಾಣ ಇಳಿಸಿದರು, ಆಕೆ ತಾನಾಗಿ ಮಾತ್ರೆ ನುಂಗತೊಡಗಿದರು. ಅಷ್ಟು ದಿನ ಆ ಮನೆಯವರು ಹೋರಾಡಿದ್ದು ರೋಗದ ಜೊತೆಗೋ, ಭಾಷೆಯ ಜೊತೆಗೋ?

ಮನೆಯವರ ಸಂಕಟವನ್ನು ನಾನು ಹಗುರಾಗಿ ಕಾಣುತ್ತಿಲ್ಲ. ರೋಗಿ ನಡುರಾತ್ರಿ ಬಾಗಿಲು ತೆರೆದು ಹೊರಟಾಗ ಹಿಂದೆ ಓಡುವವರು ಅವರೇ, ಕಾಯಿದೆಯಲ್ಲ. ಅಂಥ ಗಳಿಗೆಗಾಗಿಯೇ ತುರ್ತು ಚಿಕಿತ್ಸೆಗೆ 72 ಗಂಟೆಗಳ ಅವಕಾಶವಿದೆ. ಆದರೆ ನೆಮ್ಮದಿಯ ದಿನಗಳಲ್ಲಿ ಮಾಡಿಡಬೇಕಾದ ಕೆಲಸವೂ ಒಂದಿದೆ. ಪ್ರಾಪ್ತವಯಸ್ಕರು ಯಾರೇ ಆಗಲಿ, ತಮ್ಮ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ಬಿಳಿಯ ಹಾಳೆಯ ಮೇಲೆ ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ ನೇಮಿಸಬಹುದು. ಆ ವ್ಯಕ್ತಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಒಪ್ಪಿಕೊಂಡರೆ ಸಂಘದ ಗೆಳೆಯನೂ ಆಗಬಹುದು. ಊರಿನಿಂದ ದೂರವಿರುವ ನಮಗೆ ಇದು ಸಣ್ಣ ಅನುಕೂಲವಲ್ಲ.

ರಾಜ್ಯೋತ್ಸವಕ್ಕೆ ತೋರಣ ಕಟ್ಟುವ ನಮ್ಮ ತರುಣರಲ್ಲಿ ನಾಲ್ಕು ಮಂದಿ, ಆಸ್ಪತ್ರೆಗೆ ಬಂದು ದುಭಾಷಿಗಳಾಗಿ ಕೂರಲು ಯಾವ ವಾರ ಯಾವ ಹೊತ್ತು ಬಿಡುವೆಂದು ಕಾರ್ಯದರ್ಶಿಗಳಲ್ಲಿ ಬರೆಸಿಡಲಿ. ಹಾಗೆ ಹೋದವರು ರೋಗಿಯ ಮಾತನ್ನು ತಿದ್ದದೆ, ಸಭ್ಯಗೊಳಿಸದೆ ದಾಟಿಸಬೇಕು. ಅಲ್ಲಿ ಕೇಳಿದ್ದನ್ನು ಸಂಘದ ಹೊಸ್ತಿಲಿಗೆ ತರಬಾರದು. ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವಂತೆ ವೈದ್ಯರನ್ನು ಕೇಳಲು ಸಂಕೋಚವೂ ಬೇಡ.