ಹಳೆಯ ಲೇತಿನ ಅಚ್ಚು



ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ನೋಡಿದವರೆಲ್ಲರೂ ಅದರ ಗಾಲಿಗಳ ಕೆತ್ತನೆಯನ್ನು ಹೊಗಳುವರು. ನಾನು ಯಂತ್ರಗಳ ನಡುವೆ ಬೆಳೆದವನಾದ್ದರಿಂದ ನನ್ನ ದೃಷ್ಟಿ ಮೊದಲು ಗಾಲಿಯ ನಡುವಣ ಅಚ್ಚಿನ ಮೇಲೆ ಬೀಳುತ್ತದೆ. ಗಾಲಿಯ ಅಂದವೆಲ್ಲ ಹೊರಗಿದ್ದರೂ ಅದರ ನಡೆ ನೆಟ್ಟಗಿರುವುದೂ ಸೊಟ್ಟಗಿರುವುದೂ ಅಚ್ಚಿನಿಂದಲ್ಲವೆ? ಈ ಹೊತ್ತು ನಾನು ಹೇಳಹೊರಟಿರುವುದು ಆ ರಥಕ್ಕೆ ಸಮೀಪದ ಹೊಸಪೇಟೆಯಲ್ಲಿ, ಒಂದು ತಗಡಿನ ಮಾಡಿನ ಕೆಳಗೆ ನಿಂತಿದ್ದ ಮತ್ತೊಂದು ಅಚ್ಚಿನ ಸಂಗತಿಯನ್ನು.

ಲೇತೆಂದರೆ ಲೋಹವನ್ನು ಕಡೆಯುವ ಯಂತ್ರ. ಕುಂಬಾರನ ತಿಗರಿಯನ್ನು ಅಡ್ಡಲಾಗಿ ಮಲಗಿಸಿದಂತೆ ಊಹಿಸಿಕೊಳ್ಳಿ. ಅಲ್ಲಿ ಮಣ್ಣು, ಇಲ್ಲಿ ಕಬ್ಬಿಣ. ಅಲ್ಲಿ ಕೈ, ಇಲ್ಲಿ ಉಕ್ಕಿನ ಉಳಿ. ಕೆಲಸವನ್ನು ಹಿಡಿದು ತಿರುಗಿಸುವ ಅಚ್ಚಿಗೆ ಕಸುಬಿನವರು ಸ್ಪಿಂಡಲ್ ಎನ್ನುವರು. ಅದರ ನಡೆ ಎಷ್ಟು ಶುದ್ಧವೋ ಕಡೆದ ಕೆಲಸವೂ ಅಷ್ಟೇ ಶುದ್ಧ. ಬರ್ಲಿನ್ನಿನ ಪ್ರಾಧ್ಯಾಪಕ ಶ್ಲೆಸಿಂಗರನು 1927ರಲ್ಲಿ ಯಂತ್ರಗಳ ಪರೀಕ್ಷೆಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಒಳ್ಳೆಯ ಲೇತಿನ ಸ್ಪಿಂಡಲ್ ಮೂತಿಗೆ ಆ ಸಂಪ್ರದಾಯದವರು ಕೊಡುವ ರಿಯಾಯಿತಿ ಮಿಲಿಮೀಟರಿನ ನೂರರಲ್ಲೊಂದು ಪಾಲು ಮಾತ್ರ. ನಮ್ಮ ತಲೆಗೂದಲನ್ನು ಉದ್ದಕ್ಕೆ ಆರೇಳು ಸೀಳಾಗಿ ಸೀಳಿದರೆ ಒಂದು ಸೀಳಿನ ದಪ್ಪ ಅಷ್ಟಾದೀತು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಗಿ ತುಂಗಭದ್ರೆಯ ದಡದಲ್ಲಿಯೇ ಲೇತುಗಳು ತಯಾರಾಗತೊಡಗಿದವು. ನಾನು ಹೇಳುವ ಲೇತು ಅದಕ್ಕೂ ಹಿಂದಿನ ಪೀಳಿಗೆಯದು, ಹಡಗಿನಲ್ಲಿ ಬಂದದ್ದು, ಹೆಸರಿನ ಫಲಕ ಯಾವಾಗಲೋ ಕಳಚಿಹೋಗಿತ್ತು. ಕಂಪ್ಲಿಯ ಗದ್ದೆಗಳ ಪಂಪುಗಳಿಗೆ ಬೇಕಾದ ಅಚ್ಚುಗಳನ್ನೂ ಸಂಡೂರಿನ ಅದಿರು ಲಾರಿಗಳ ಬಿಡಿಭಾಗಗಳನ್ನೂ ಕಡೆದುಕೊಟ್ಟು ಅದು ಒಂದು ಮನೆಯನ್ನು ಸಾಕುತ್ತಿತ್ತು. ಈಚೆಗೆ ಅದು ಕಡೆದದ್ದೆಲ್ಲ ಅಂಡಾಕಾರವಾಗುತ್ತಿತ್ತು. ಮೈಮೇಲೆ ಅಲೆಅಲೆಯಾದ ಗೀರು ಬೀಳುತ್ತಿತ್ತು. ಗಿರಾಕಿಗಳು ಬೇರೆ ಅಂಗಡಿಗೆ ಹೋಗತೊಡಗಿದ್ದರು. ಮೇಸ್ತ್ರಿಯು, "ಸಾಹೇಬ್ರ, ಇದಕ್ಕ ವಯಸ್ಸಾತು, ತೂಕಕ್ಕ ಹಾಕೂದು ಚಲೋ" ಎಂದನು.

ನಾನು ಬಲ್ಲವನೆಂಬ ಠೀವಿಯಿಂದ ಹೋದೆನು. ಸ್ಪಿಂಡಲ್ ಸಡಿಲವಾಗಿದೆ ಎಂದು ಬಗೆದು, ಅದನ್ನು ಹೊತ್ತಿರುವ ಕಂಚಿನ ಬೇರಿಂಗಿನ ಮುಚ್ಚಳವನ್ನು ಬಿಗಿಯಾಗಿ ತಿರುಪಿದೆನು. ಬೆಳಿಗ್ಗೆ ಲೇತು ಮೌನವಾಗಿ, ಸೊಗಸಾಗಿ ಕೊಯ್ದಿತು. ಮಧ್ಯಾಹ್ನದ ವೇಳೆಗೆ ಮುಚ್ಚಳವನ್ನು ಮುಟ್ಟಲಾಗದಷ್ಟು ಕಾವೇರಿ, ಎಣ್ಣೆ ಹೊಗೆಯಾಡಿ, ಸ್ಪಿಂಡಲ್ ಕಚ್ಚಿಕೊಂಡು ನಿಂತಿತು. ಮೇಸ್ತ್ರಿ ಏನೂ ಅನ್ನಲಿಲ್ಲ, ಅಂದಿದ್ದರೆ ಲೇಸಾಗುತ್ತಿತ್ತು.

ನಾನು ಕಸಿದುಕೊಂಡದ್ದು ಎಣ್ಣೆಯ ಎಡೆಯನ್ನು. 1883ರಲ್ಲಿ ಇಂಗ್ಲೆಂಡಿನ ಬ್ಯೂಚಂಪ್ ಟವರ್ ಎಂಬಾತನು ತಿರುಗುತ್ತಿದ್ದ ಅಚ್ಚಿನ ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದನು. ಎಣ್ಣೆ ಕೆಳಗಿಳಿಯುವ ಬದಲು ಮೇಲಕ್ಕುಕ್ಕಿತು. ಮರದ ಬೆಣೆಯಿಂದ ಅದನ್ನು ಮುಚ್ಚಿದರೆ ಬೆಣೆಯನ್ನೇ ಹೊರಕ್ಕೆ ತಳ್ಳಿತು. ತಿರುಗುವ ಅಚ್ಚು ಲೋಹದ ಮೇಲೆ ಕುಳಿತಿರುವುದಿಲ್ಲ, ತಾನೇ ಎಳೆದುಕೊಂಡ ಎಣ್ಣೆಯ ತೆಳು ಪದರದ ಮೇಲೆ ತೇಲುತ್ತಿರುತ್ತದೆ ಎಂಬುದು ಹೀಗೆ ಹೊರಬಿದ್ದಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸನು ಅದರ ಗಣಿತವನ್ನು ಬರೆದನು. ಐವತ್ತು ಅರವತ್ತು ಮಿಲಿಮೀಟರು ದಪ್ಪದ ಸ್ಪಿಂಡಲಿಗೆ ನೂರರಲ್ಲಿ ಎರಡು ಮೂರು ಪಾಲಿನಷ್ಟಾದರೂ ಎಡೆ ಬೇಕು.

ಎರಡನೆಯ ದಿನ ಸ್ಪ್ಯಾನರನ್ನು ದೂರವಿಟ್ಟು ಡಯಲ್ ಗೇಜನ್ನು ಹಿಡಿದೆನು. ಇದು ಗಡಿಯಾರದ ಮುಖವುಳ್ಳ ಒಂದು ಚಿಕ್ಕ ಮಾಪಕ. ಮೊನೆ ಕೂದಲೆಳೆಯಷ್ಟು ಸರಿದರೂ ಮುಳ್ಳು ಓಡಿಬಿಡುತ್ತದೆ. ಕೆಲಸವನ್ನು ಹಿಡಿಯುವ ಚಕ್ಕಿನ ಮೈಗೆ ಅದನ್ನು ತಾಗಿಸಿ ಕೈಯಿಂದ ತಿರುಗಿಸಿದಾಗ ಮುಳ್ಳು ಹನ್ನೆರಡು ಗೆರೆ ಹೊಯ್ದಾಡಿತು. ಒಂದೊಂದು ಗೆರೆಯೂ ನೂರರಲ್ಲೊಂದು ಪಾಲು. ಸ್ಪಿಂಡಲೇ ಬಾಗಿದೆಯೆಂದು ಅಲ್ಲಿಗೇ ತೀರ್ಪು ಕೊಡಬಹುದಾಗಿತ್ತು. ಚಕ್ಕನ್ನು ಬಿಚ್ಚಿ, ಅದರ ಮರೆಯಲ್ಲಿ ಒತ್ತಿಹೋಗಿದ್ದ ಕಬ್ಬಿಣದ ಚೂರುಗಳನ್ನು ತೆಗೆದು, ಸ್ಪಿಂಡಲಿನ ಬರಿಯ ಮೂತಿಗೆ ಗೇಜನ್ನು ತಾಗಿಸಿದಾಗ ಎರಡೇ ಗೆರೆ! ಅಚ್ಚು ನೆಟ್ಟಗೇ ಇತ್ತು.

ಹಾಗಾದರೆ ಕೆಲಸ ಏತಕ್ಕೆ ಕೆಡುತ್ತಿತ್ತು? ಇಲ್ಲಿಯೇ ಬಹಳ ಮಂದಿ ಎಡವುವುದು. ಸೊಟ್ಟತನ ಬೇರೆ, ಸಡಿಲ ಬೇರೆ. ಸಡಿಲವಾದ ಅಚ್ಚು ಕೈಯಿಂದ ತಿರುಗಿಸುವಾಗ ತನ್ನ ಭಾರದಿಂದ ತಳಕ್ಕೊರಗಿ ಸಾಧುವಾಗಿಯೇ ಸುತ್ತುತ್ತದೆ. ಉಳಿ ತಾಗಿದೊಡನೆ ಅದು ಕೆಲಸವನ್ನು ಮೇಲಕ್ಕೆತ್ತುತ್ತದೆ, ಚಕ್ಕಿನ ಭಾರ ಕೆಳಕ್ಕೆಳೆಯುತ್ತದೆ. ಈ ಎರಡರ ಜಗ್ಗಾಟವೇ ಆ ಅಲೆಯಂಥ ಗೀರು. ಮೂತಿಯ ಕೆಳಗೆ ಮರದ ಸನ್ನೆಯಿಟ್ಟು ಮೆಲ್ಲಗೆ ಮೀಟಿದೆನು. ಮುಳ್ಳು ಹದಿನೈದು ಗೆರೆ ಏರಿತು.

ಬೇರಿಂಗನ್ನು ಬಿಚ್ಚಿದಾಗ ಒಳಗಿದ್ದ ಎಣ್ಣೆ ಕುಂಕುಮದ ಕೆಸರಿನಂತಿತ್ತು. ಸಂಡೂರಿನ ಗುಡ್ಡಗಳನ್ನು ಕಂಡವರಿಗೆ ಆ ಬಣ್ಣವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಅದಿರಿನ ಲಾರಿಗಳು ಎಬ್ಬಿಸುವ ಕೆಂಧೂಳು ಕಬ್ಬಿಣದ ಆಕ್ಸೈಡು. ಅದರ ನುಣ್ಣನೆಯ ಪುಡಿಯಿಂದಲೇ ಚಿನಿವಾರರು ಒಡವೆಗೆ ಮೆರುಗು ಕೊಡುವುದುಂಟು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವುದಕ್ಕೆ ಮುಂಚಿನ ವರ್ಷಗಳಲ್ಲಿ ಈ ಊರಿನ ಎಲೆಗಳೂ ಕೆಂಪಾಗಿದ್ದವು. ಮುಚ್ಚಳವಿಲ್ಲದ ಎಣ್ಣೆಬಟ್ಟಲು ಉಳಿದೀತೆ? ವಿಚಿತ್ರವೇನೆಂದರೆ, ಈ ಧೂಳು ಮೆದುವಾದ ಕಂಚಿನಲ್ಲಿ ನಾಟಿಕೊಂಡು ಗಡುಸಾದ ಉಕ್ಕನ್ನು ಸವೆಸುತ್ತದೆ. ಮೆದುವಾದದ್ದು ಸಾಣೆಯಾಗಿಬಿಡುತ್ತದೆ. ಅದನ್ನು ತೆಗೆಯದೆ ಬಿಗಿಮಾಡಿದರೆ ಸಾಣೆಯನ್ನು ಅಚ್ಚಿಗೆ ಇನ್ನಷ್ಟು ಒತ್ತಿದಂತೆಯೇ ಸರಿ.

ಆಮೇಲಿನದು ತಾಳ್ಮೆಯ ಕೆಲಸ. ಸೀಮೆಎಣ್ಣೆಯಿಂದ ತೊಳೆದೆವು. ನಾನು ಕಚ್ಚಿಸಿದ ಜಾಗವನ್ನು ಮೇಸ್ತ್ರಿ ಎಣ್ಣೆಕಲ್ಲಿನಿಂದ ನಯಮಾಡಿದನು. ಸ್ಪಿಂಡಲಿಗೆ ತೆಳುವಾಗಿ ನೀಲಿ ಹಚ್ಚಿ, ಬೇರಿಂಗಿನಲ್ಲಿಟ್ಟು ತಿರುಗಿಸಿ, ನೀಲಿ ಅಂಟಿದ ಉಬ್ಬುಗಳನ್ನು ಮಾತ್ರ ಸ್ಕ್ರೇಪರಿನಿಂದ ಹೆರೆಯುವುದು. ಮತ್ತೆ ನೀಲಿ, ಮತ್ತೆ ಹೆರೆತ. ಧೂಳು ನಾಟಿದ ಕಂಚು ಹೀಗೆ ಕ್ರಮವಾಗಿ ಹೊರಟುಹೋಯಿತು. ಮೂರು ದಿನ ಹಿಡಿಯಿತು. ಅವನ ಕೈ ನನ್ನ ಕೈಗಿಂತ ಹಗುರವೆಂಬುದು ಮೊದಲನೆಯ ಗಂಟೆಯಲ್ಲಿಯೇ ತಿಳಿದು ನಾನು ದೀಪ ಹಿಡಿದು ನಿಂತೆನು. ಮುಚ್ಚಳದ ಕೆಳಗಿನ ಹಿತ್ತಾಳೆಯ ತಗಡುಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತ ಸನ್ನೆಯಿಂದ ಮೀಟಿ ನೋಡಿದೆವು. ಮುಳ್ಳು ಮೂರು ಗೆರೆಗೆ ಬಂದಾಗ ನಿಲ್ಲಿಸಿದೆವು. ಇನ್ನೂ ಒಂದು ತಗಡು ತೆಗೆಯೋಣವೆಂದು ನನ್ನ ಬಾಯಿಗೆ ಬಂದಿತ್ತು, ಹೇಳಲಿಲ್ಲ.

ಅರ್ಧ ಗಂಟೆ ನಿಧಾನವಾಗಿ ಓಡಿಸಿದಾಗ ಮುಚ್ಚಳ ಬೆಚ್ಚಗಾಯಿತು, ಬಿಸಿಯಾಗಲಿಲ್ಲ. ಪರೀಕ್ಷೆಗೆ ಕಡೆದ ತುಂಡನ್ನು ಮೈಕ್ರೋಮೀಟರಿನಿಂದ ನಾಲ್ಕು ಕಡೆ ಅಳೆದರೂ ನೂರರಲ್ಲೊಂದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮೇಸ್ತ್ರಿ ಎಣ್ಣೆಬಟ್ಟಲಿಗೆ ಕಂಬಳಿಯ ತುಂಡೊಂದನ್ನು ಕಟ್ಟಿದನು. ಆಮೇಲೆ, ಮೂರು ದಿನಗಳಿಂದ ಗೋಡೆಗೊರಗಿದ್ದ ಕಂಪ್ಲಿಯ ಪಂಪಿನ ಅಚ್ಚನ್ನು ಎತ್ತಿ ಚಕ್ಕಿಗೆ ಹಿಡಿಸಿದನು.