ಸಿನಿಮಾ ನೋಡಿ ಬಂದ ಮೇಲೆ: ಒಂದು ರಕ್ತಪಿಶಾಚಿಯ ಕಥೆ, ನೂರು ಅಭಿಪ್ರಾಯ



ಚಿತ್ರಮಂದಿರದಿಂದ ಹೊರಗೆ ಬಂದವರನ್ನು 'ಹೇಗಿತ್ತು?' ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. 'ಚೆನ್ನಾಗಿತ್ತು', ಇಲ್ಲವೇ 'ಏನೂ ಇಲ್ಲ, ದುಡ್ಡು ದಂಡ'. ಈಗ ನಿಮ್ಮ ಕಾಲೇಜಿನ ಪ್ರಯೋಗಾಲಯವನ್ನು ನೆನೆಸಿಕೊಳ್ಳಿ. ರೆಕಾರ್ಡ್ ಪುಸ್ತಕದಲ್ಲಿ ನೀವು '12' ಎಂದಷ್ಟೇ ಬರೆದರೆ ಮೇಷ್ಟರು ಒಪ್ಪುತ್ತಾರೆಯೇ? '12 ಏನಪ್ಪಾ? ಸೆಂಟಿಮೀಟರೋ, ಗ್ರಾಮೋ, ಸೆಕೆಂಡೋ?' ಎಂದು ಕೇಳಿಯೇ ಕೇಳುತ್ತಾರೆ. ಅಳತೆಗೋಲು ಯಾವುದೆಂದು ತಿಳಿಯದ ಅಂಕಿಗೆ ಅರ್ಥವಿಲ್ಲ. ಅಭಿಪ್ರಾಯದ ವಿಷಯವೂ ಹೀಗೆಯೇ. 'ಚೆನ್ನಾಗಿತ್ತು' ಎನ್ನುವುದು ಬರೀ ಅಂಕಿ. ಯಾವುದರಿಂದ ಅಳೆದಿರಿ ಎಂಬುದನ್ನು ಹೇಳಿದಾಗ ಮಾತ್ರ ಅದು ಇನ್ನೊಬ್ಬರಿಗೆ ಉಪಯೋಗವಾಗುವ ಮಾತಾಗುತ್ತದೆ.

ಈ ಮಾತನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ನೋಡಿದವರಲ್ಲಿ ಅರ್ಧದಷ್ಟು ಜನ ತಲೆಯ ಮೇಲೆ ಹೊತ್ತು ಮೆರೆಸಿದ, ಉಳಿದವರು ಗೇಲಿ ಮಾಡಿದ ಚಿತ್ರವೊಂದಿದೆ. ಅದರ ಹೆಸರು 'ಟ್ವೈಲೈಟ್', ಎಂದರೆ ಮುಸ್ಸಂಜೆ. ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ 2005ರಿಂದ 2008ರವರೆಗೆ ಪ್ರಕಟಿಸಿದ ನಾಲ್ಕು ಕಾದಂಬರಿಗಳನ್ನು ಆಧರಿಸಿ 2008ರಿಂದ 2012ರ ನಡುವೆ ಐದು ಚಿತ್ರಗಳು ಬಂದವು. ಮೊದಲನೆಯದನ್ನು ನಿರ್ದೇಶಿಸಿದವರು ಕ್ಯಾಥರೀನ್ ಹಾರ್ಡ್‌ವಿಕ್. ಹದಿನೇಳು ವರ್ಷದ ಬೆಲ್ಲಾ ಎಂಬ ಹುಡುಗಿ ತಂದೆಯ ಜೊತೆಯಲ್ಲಿರಲು ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಪುಟ್ಟ ಊರಿಗೆ ಬರುತ್ತಾಳೆ. ಅದು ಸದಾ ಮೋಡ ಮುಸುಕಿದ, ಮಳೆ ಬಿಡದ ಊರು. ಅಲ್ಲಿನ ಶಾಲೆಯಲ್ಲಿ ಎಡ್ವರ್ಡ್ ಎಂಬ ಸಹಪಾಠಿ ಸಿಗುತ್ತಾನೆ. ನೋಡಲು ಅವನಿಗೂ ಹದಿನೇಳು. ಆದರೆ ಅವನು 1918ರಿಂದಲೂ ಹದಿನೇಳರಲ್ಲೇ ನಿಂತವನು, ಎಂದರೆ ವ್ಯಾಂಪೈರ್, ರಕ್ತಪಿಶಾಚಿ. ಮನುಷ್ಯರ ರಕ್ತ ಬೇಡವೆಂದು ವ್ರತ ತೊಟ್ಟು ಪ್ರಾಣಿಗಳ ರಕ್ತದಲ್ಲೇ ಬದುಕುವ ಕುಟುಂಬ ಅವನದು. ಇವರಿಬ್ಬರ ಪ್ರೇಮವೇ ಕಥೆ.

ನೋಡಿದವರ ಅಭಿಪ್ರಾಯಗಳನ್ನು ಗಮನಿಸಿದರೆ ಅವರು ಹಿಡಿದ ಅಳತೆಗೋಲುಗಳು ಮುಖ್ಯವಾಗಿ ಮೂರು ಎಂದು ಕಾಣುತ್ತದೆ.

ಮೊದಲನೆಯದು ಪುಸ್ತಕ. ಕಾದಂಬರಿ ಓದಿದವರ ಮನಸ್ಸಿನಲ್ಲಿ ಚಿತ್ರ ಬರುವುದಕ್ಕೆ ಮುಂಚೆಯೇ ಒಂದು ಚಿತ್ರ ಓಡಿರುತ್ತದೆ. ಎಡ್ವರ್ಡ್ ಪಾತ್ರಕ್ಕೆ ರಾಬರ್ಟ್ ಪ್ಯಾಟಿನ್ಸನ್ ಆಯ್ಕೆಯಾದರೆಂದು ತಿಳಿದಾಗ ಸಾವಿರಾರು ಓದುಗರು ಬೇಡವೆಂದು ಸಹಿ ಹಾಕಿದರು. ಅವರು ಯಾರೂ ಆಗ ಚಿತ್ರದ ಒಂದು ದೃಶ್ಯವನ್ನೂ ನೋಡಿರಲಿಲ್ಲ. ಚಿತ್ರ ಬಿಡುಗಡೆಯಾದ ಮೇಲೆ ಆ ಪಾತ್ರಕ್ಕೆ ಬೇರೊಬ್ಬರನ್ನು ಊಹಿಸಿಕೊಳ್ಳುವುದೇ ಅಭಿಮಾನಿಗಳಿಗೆ ಕಷ್ಟವಾಯಿತು. ಇನ್ನು ಕೆಲವರು 'ನಮ್ಮ ಮೆಚ್ಚಿನ ಪ್ರಸಂಗವನ್ನೇ ತೆಗೆದುಬಿಟ್ಟಿದ್ದಾರೆ' ಎಂದು ಬೇಸರಪಟ್ಟರು. ಜೀವಶಾಸ್ತ್ರದ ತರಗತಿಯಲ್ಲಿ ರಕ್ತದ ಗುಂಪು ಪರೀಕ್ಷಿಸುವಾಗ ಬೆಲ್ಲಾಳಿಗೆ ತಲೆ ಸುತ್ತು ಬರುವ ಪ್ರಸಂಗ ಪುಸ್ತಕದಲ್ಲಿದೆ, ಚಿತ್ರದಲ್ಲಿ ಇಲ್ಲ. ಆದರೆ ನೀವೆಲ್ಲ ಪಿ.ಯು.ಸಿ.ಯಲ್ಲಿ ಮಾಡುವ ಪ್ರಯೋಗವೊಂದು ಉಳಿದುಕೊಂಡಿದೆ. ಈರುಳ್ಳಿ ಬೇರಿನ ತುದಿಯ ಜೀವಕೋಶ ವಿಭಜನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹಂತಗಳನ್ನು ಗುರುತಿಸುವುದು! ನಾಯಕ ನಾಯಕಿಯರ ಮೊದಲ ಮಾತುಕತೆ ನಡೆಯುವುದು ಆ ಸೂಕ್ಷ್ಮದರ್ಶಕದ ಮುಂದೆಯೇ.

ಸುಮಾರು 500 ಪುಟಗಳ ಕಾದಂಬರಿ ಸುಮಾರು 2 ಗಂಟೆಗೆ ಇಳಿಯಬೇಕಾದರೆ ಬಿಡುವುದು ಅನಿವಾರ್ಯ. ಏನು ಬಿಟ್ಟರು ಎಂದು ಲೆಕ್ಕ ಹಾಕುವುದಕ್ಕಿಂತ ಏಕೆ ಬಿಟ್ಟರು, ಏಕೆ ಸೇರಿಸಿದರು ಎಂದು ಕೇಳುವುದು ಲೇಸು. ಕಾದಂಬರಿಯನ್ನು ಬೆಲ್ಲಾ ತಾನೇ ಹೇಳುತ್ತಾಳೆ. ಆದ್ದರಿಂದ ಅವಳಿಗೆ ಗೊತ್ತಾಗುವ ತನಕ ಓದುಗರಿಗೂ ಗೊತ್ತಾಗುವುದಿಲ್ಲ. ಮನುಷ್ಯರನ್ನು ಬೇಟೆಯಾಡುವ ಮೂವರು ದುಷ್ಟ ಪಿಶಾಚಿಗಳು ಪುಸ್ತಕದಲ್ಲಿ ಪ್ರವೇಶಿಸುವುದು ಕಥೆ ಬಹಳ ಮುಂದುವರಿದ ಮೇಲೆ. ಚಿತ್ರದಲ್ಲಾದರೋ ಅವರು ಮೊದಲೇ ಬಂದು ಊರಿನವರನ್ನು ಕೊಲ್ಲುತ್ತಾರೆ. ಓದುಗ ಪುಸ್ತಕವನ್ನು ಮಡಿಸಿಟ್ಟು ನಾಳೆ ಮುಂದುವರಿಸಬಹುದು. ಚಿತ್ರಮಂದಿರದಲ್ಲಿ ಕುಳಿತವನಿಗೆ ಅಪಾಯದ ಸುಳಿವು ಬೇಗ ಸಿಗಬೇಕು, ಇಲ್ಲವಾದರೆ ಆಕಳಿಸುತ್ತಾನೆ. ಪುಸ್ತಕದಂತಿಲ್ಲ ಎಂಬುದು ದೂರು. ಈ ಬದಲಾವಣೆಯಿಂದ ಬೆಲ್ಲಾಳ ಕಣ್ಣಿನ ಕಥೆ ಎಲ್ಲರ ಕಣ್ಣಿನ ಕಥೆಯಾಯಿತು, ಅದರಿಂದ ಇಂಥದು ಗಿಟ್ಟಿತು, ಇಂಥದು ಕಳೆಯಿತು ಎಂದರೆ ಅದು ಅಭಿಪ್ರಾಯ.

ಎರಡನೆಯ ಅಳತೆಗೋಲು ಸಂಪ್ರದಾಯ. 'ಟ್ವೈಲೈಟ್' ಬಗ್ಗೆ ಬಂದ ಗೇಲಿಯಲ್ಲಿ ಹೆಚ್ಚಿನ ಪಾಲು ಒಂದೇ ದೃಶ್ಯದ ಮೇಲೆ. ಬಿಸಿಲು ಬಿದ್ದಾಗ ಎಡ್ವರ್ಡ್‌ನ ಮೈ ವಜ್ರದ ಹರಳಿನಂತೆ ಹೊಳೆಯುತ್ತದೆ. 'ಇದೆಲ್ಲಾದರೂ ಉಂಟೇ? ಬಿಸಿಲಿಗೆ ರಕ್ತಪಿಶಾಚಿ ಸುಟ್ಟು ಬೂದಿಯಾಗಬೇಕು. ಅದೇ ನಿಜವಾದ ನಿಯಮ' ಎಂದು ಬಹಳ ಜನ ನಕ್ಕರು.

ಈ 'ನಿಜವಾದ ನಿಯಮ' ಎಲ್ಲಿಂದ ಬಂತು, ಸ್ವಲ್ಪ ಹುಡುಕೋಣ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಕಾದಂಬರಿ ಈ ಬಗೆಯ ಕಥೆಗಳಿಗೆ ತಾಯಿಬೇರು. ಆ ಕಾದಂಬರಿಯ ಡ್ರಾಕುಲಾ ಹಗಲು ಹೊತ್ತಿನಲ್ಲೇ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲಿನಲ್ಲಿ ಅವನ ಶಕ್ತಿ ಕುಂದುತ್ತದೆ, ಅಷ್ಟೆ. ಕೊನೆಗೆ ಅವನು ಸಾಯುವುದೂ ಬಿಸಿಲಿನಿಂದಲ್ಲ, ಕತ್ತಿಯ ಏಟಿನಿಂದ. ಬೆಳಗಿನ ಬೆಳಕಿಗೆ ಪಿಶಾಚಿ ಕರಗಿ ಇಲ್ಲವಾಗುವುದನ್ನು ತೋರಿಸಿದ್ದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'. ನಿರ್ದೇಶಕ ಎಫ್. ಡಬ್ಲ್ಯು. ಮುರ್ನಾವ್. ಅದು 'ಡ್ರಾಕುಲಾ'ವನ್ನು ಅನುಮತಿಯಿಲ್ಲದೆ, ಪಾತ್ರಗಳ ಹೆಸರು ಬದಲಿಸಿ ತೆಗೆದ ಚಿತ್ರ. ಸ್ಟೋಕರ್ ಅವರ ಪತ್ನಿ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋದರು. ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು 1925ರಲ್ಲಿ ತೀರ್ಪಾಯಿತು. ಆದರೂ ಕೆಲವು ಪ್ರತಿಗಳು ಉಳಿದುಕೊಂಡವು. ಉಳಿದದ್ದರಿಂದಲೇ ಆ ಬಿಸಿಲಿನ ಸಾವು ಮುಂದಿನ ಚಿತ್ರಗಳಿಗೆ ಹಬ್ಬಿತು.

ಇದರ ಅರ್ಥವೇನು? ಯಾವುದನ್ನು ಸನಾತನ ನಿಯಮವೆಂದು ಹಿಡಿದು ಹೊಸ ಚಿತ್ರವನ್ನು ತೂಗಿದರೋ, ಆ ನಿಯಮವೇ ಒಂದು ಕಾಲದಲ್ಲಿ ಒಂದು ಚಿತ್ರ ಮೂಲ ಕಾದಂಬರಿಯಿಂದ ಮಾಡಿಕೊಂಡ ವ್ಯತ್ಯಾಸ! ಹೊಳೆಯುವ ಪಿಶಾಚಿ ನಿಮಗೆ ಹಿಡಿಸದೆ ಇರಬಹುದು. ಹೊಳಪಿನಿಂದ ಭಯ ಹೋಯಿತು, ಭಯವಿಲ್ಲದ ಪಿಶಾಚಿ ಸಪ್ಪೆ ಎಂದು ವಾದಿಸಿದರೆ ಅದು ಒಳ್ಳೆಯ ವಾದವೇ. ಆದರೆ 'ಹಾಗೆ ಇರುವುದೇ ಇಲ್ಲ' ಎಂಬುದು ವಾದವಲ್ಲ. ಇಲ್ಲದ ಪ್ರಾಣಿಯ ಬಗ್ಗೆ ಹಾಗೆ ಹೇಳಲು ಯಾವ ಪ್ರಯೋಗಾಲಯವೂ ಸಾಕ್ಷಿ ಕೊಡಲಾರದು.

ಮೂರನೆಯ ಅಳತೆಗೋಲು ಬದುಕು. ಇದನ್ನು ಹಿಡಿದವರು ಕೇಳಿದ ಪ್ರಶ್ನೆಗಳು ಸಿನಿಮಾದ ಆಚೆಗೂ ಹೋಗುತ್ತವೆ. ಎಡ್ವರ್ಡ್ ರಾತ್ರಿ ಹೊತ್ತು, ಬೆಲ್ಲಾಳಿಗೆ ತಿಳಿಯದಂತೆ ಅವಳ ಕೋಣೆಯೊಳಗೆ ಬಂದು ಅವಳು ನಿದ್ರಿಸುವುದನ್ನು ನೋಡುತ್ತಾ ನಿಲ್ಲುತ್ತಾನೆ. ಕಾದಂಬರಿಯಲ್ಲೂ ಚಿತ್ರದಲ್ಲೂ ಇದು ಪ್ರೇಮದ ಗುರುತು. ಅನೇಕ ಪ್ರೇಕ್ಷಕರು, ವಿಶೇಷವಾಗಿ ಮಹಿಳೆಯರು, ಇದನ್ನು ಒಪ್ಪಲಿಲ್ಲ. ಸಂಗೀತವನ್ನೂ ಸುಂದರ ಮುಖವನ್ನೂ ತೆಗೆದುಬಿಟ್ಟರೆ ಉಳಿಯುವುದೇನು? ಒಪ್ಪಿಗೆಯಿಲ್ಲದೆ ಹುಡುಗಿಯ ಕೋಣೆಗೆ ನುಗ್ಗಿದ ಒಬ್ಬ ಹುಡುಗ. ಇದಕ್ಕೆ ಅಭಿಮಾನಿಗಳು ಕೊಟ್ಟ ಉತ್ತರವನ್ನೂ ಕೇಳಬೇಕು. ಇದು ಹುಡುಗಿಯ ಆಸೆಯನ್ನು ಹುಡುಗಿಯ ಬಾಯಿಂದಲೇ ಹೇಳಿಸಿದ ಕಥೆ, ಕನಸನ್ನು ಕನಸೆಂದು ತಿಳಿಯುವಷ್ಟು ಬುದ್ಧಿ ನಮಗಿದೆ, ಹುಡುಗರು ಮೆಚ್ಚುವ ಹೊಡೆದಾಟದ ಚಿತ್ರಗಳಿಗಿಲ್ಲದ ಪರೀಕ್ಷೆ ನಾವು ಮೆಚ್ಚಿದ ಚಿತ್ರಕ್ಕೆ ಮಾತ್ರ ಏಕೆ ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನನ್ನ ಮಟ್ಟಿಗೆ ಹೇಳುವುದಾದರೆ ಎರಡೂ ಮಾತು ಒಟ್ಟಿಗೆ ನಿಲ್ಲಬಲ್ಲವು. ಚಿತ್ರವನ್ನು ಮೆಚ್ಚಿದ ಹುಡುಗಿಯನ್ನು ಹೀಯಾಳಿಸಬೇಕಾಗಿಲ್ಲ. ಆದರೆ ತೆರೆಯ ಮೇಲೆ ಪ್ರೇಮವೆಂದು ತೋರಿಸಿದ್ದು ನಿಮ್ಮ ಕಾಲೇಜಿನ ದಾರಿಯಲ್ಲಿ, ನಿಮ್ಮ ಬಸ್ ನಿಲ್ದಾಣದಲ್ಲಿ ನಡೆದರೆ ಅದು ಪ್ರೇಮವಲ್ಲ, ಕಿರುಕುಳ. ಹುಡುಗಿಯರು ಇದನ್ನು ನಿಸ್ಸಂಕೋಚವಾಗಿ ಹೇಳಬೇಕು. ಹುಡುಗರು ಅದಕ್ಕಿಂತ ಮೊದಲೇ ತಿಳಿದಿರಬೇಕು.

ಈ ಅಳತೆಗೋಲನ್ನು ಹಿಡಿದ ಇನ್ನೊಂದು ಗುಂಪು ಇದೆ. ಕಥೆಯಲ್ಲಿ ತೋಳವಾಗಿ ಬದಲಾಗುವ ಯುವಕರು ಬರುತ್ತಾರೆ. ಅವರನ್ನು ಕ್ವಿಲಿಯೂಟ್ ಬುಡಕಟ್ಟಿನವರೆಂದು ಹೇಳಲಾಗಿದೆ. ಆ ಬುಡಕಟ್ಟು ಲೇಖಕಿಯ ಕಲ್ಪನೆಯಲ್ಲ. ಫೋರ್ಕ್ಸ್ ಊರಿನ ಹತ್ತಿರ, ಪೆಸಿಫಿಕ್ ಸಾಗರದ ದಡದ ಲಾ ಪುಶ್ ಎಂಬ ಹಳ್ಳಿಯಲ್ಲಿ ಅವರು ಇಂದಿಗೂ ಬಾಳುತ್ತಿದ್ದಾರೆ. ತಮ್ಮ ಮೂಲಪುರುಷರು ತೋಳಗಳಿಂದ ಮಾರ್ಪಟ್ಟವರೆಂಬ ನಂಬಿಕೆ ಅವರದು. ಸಿನಿಮಾದ ತೋಳಮಾನವರು ಆ ನಂಬಿಕೆಯ ಭಾಗವಲ್ಲ. ಅವರಲ್ಲಿ ಮುಖ್ಯ ಪಾತ್ರವಾದ ಜೇಕಬ್‌ನನ್ನು ಅಭಿನಯಿಸಿದ ಟೇಲರ್ ಲಾಟ್ನರ್ ಆ ಬುಡಕಟ್ಟಿನವರಲ್ಲ. ಸಿಯಾಟಲ್ ನಗರದ ಬರ್ಕ್ ವಸ್ತುಸಂಗ್ರಹಾಲಯ ಬುಡಕಟ್ಟಿನವರ ಜೊತೆಗೂಡಿ, ಕಥೆಯಲ್ಲಿರುವುದು ಯಾವುದು, ನಿಜವಾದದ್ದು ಯಾವುದು ಎಂದು ಬಿಡಿಸಿ ತಿಳಿಸುವ ಕೆಲಸ ಮಾಡಿತು. ಲೋಕವೆಲ್ಲ ತೋಳದ ವೇಷವನ್ನು ನೋಡುತ್ತಿದ್ದಾಗ ಆ ಜನರ ನಿಜವಾದ ಚಿಂತೆ ಬೇರೆಯಾಗಿತ್ತು. ಸುನಾಮಿ ಅಲೆ ಬಂದರೆ ಶಾಲೆಯೂ ಮನೆಗಳೂ ಕೊಚ್ಚಿಹೋಗುವಷ್ಟು ತಗ್ಗಿನಲ್ಲಿ ಅವರ ಹಳ್ಳಿಯಿತ್ತು. ಎತ್ತರದ ಜಾಗಕ್ಕೆ ಹೋಗಲು ನೆಲ ಕೊಡುವ ಕಾನೂನು ಆದದ್ದು 2012ರಲ್ಲಿ. ಮಕ್ಕಳ ಶಾಲೆ ಎತ್ತರದ ನೆಲದಲ್ಲಿ ತೆರೆದದ್ದು 2022ರಲ್ಲಿ. ತನ್ನ ಹೆಸರಿನ ಪಾತ್ರವನ್ನು ತೆರೆಯ ಮೇಲೆ ನೋಡುವವನ ಅಭಿಪ್ರಾಯಕ್ಕೆ, ಟಿಕೆಟ್ ಕೊಂಡು ನೋಡಿದವನ ಅಭಿಪ್ರಾಯಕ್ಕಿಲ್ಲದ ಒಂದು ತೂಕವಿದೆ.

'ಸರಿ, ಒಟ್ಟಿನಲ್ಲಿ ಜನ ಏನೆಂದರು?' ಎಂದು ನೀವು ಕೇಳಬಹುದು. ಉತ್ತರ ಎಣಿಸಿದವರ ಮೇಲಿದೆ. ಸುಮಾರು 3.7 ಕೋಟಿ ಡಾಲರ್ ಖರ್ಚಿನಲ್ಲಿ ತಯಾರಾದ ಮೊದಲ ಚಿತ್ರ ಲೋಕದಾದ್ಯಂತ ಸುಮಾರು 40 ಕೋಟಿ ಡಾಲರ್ ಗಳಿಸಿತು. ಪ್ರೇಕ್ಷಕರ ಮತದಿಂದ ನಿರ್ಧಾರವಾಗುವ ಎಂಟಿವಿ ವಾಹಿನಿಯ ಅತ್ಯುತ್ತಮ ಚಿತ್ರ ಪ್ರಶಸ್ತಿ 2009ರಿಂದ 2012ರವರೆಗೆ ಸತತ ನಾಲ್ಕು ವರ್ಷ ಈ ಮಾಲಿಕೆಗೇ ಸಂದಿತು. ಕೆಟ್ಟ ಚಿತ್ರಗಳನ್ನು ಆರಿಸಿ ಪರಿಹಾಸ್ಯ ಮಾಡುವ ರಾಜ್ಜಿ ಪ್ರಶಸ್ತಿಯವರು 2013ರಲ್ಲಿ ಇದೇ ಮಾಲಿಕೆಯ ಕೊನೆಯ ಚಿತ್ರವನ್ನು ವರ್ಷದ ಅತ್ಯಂತ ಕೆಟ್ಟ ಚಿತ್ರವೆಂದು ಆರಿಸಿದರು. ಒಂದು ಕಡೆ ಅಭಿಮಾನಿಗಳ ಮತ, ಇನ್ನೊಂದು ಕಡೆ ಹಾಸ್ಯ ಮಾಡಲೆಂದೇ ಸೇರಿದವರ ಮತ. ಎರಡೂ ಎಣಿಕೆ ಸರಿಯೇ, ಎರಡೂ ಪೂರ್ತಿಯಲ್ಲ. ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಇದು ದಿನನಿತ್ಯದ ಪಾಠ. ತುಂಬ ಮೆಚ್ಚಿದವರು ಕಾಗದ ಬರೆಯುತ್ತಾರೆ, ತುಂಬ ಸಿಟ್ಟಾದವರು ಬರೆಯುತ್ತಾರೆ. 'ಪರವಾಗಿಲ್ಲ' ಎಂದುಕೊಂಡು ಊಟಕ್ಕೆ ಎದ್ದವರು ಬರೆಯುವುದಿಲ್ಲ. ಬಂದ ಕಾಗದಗಳನ್ನಷ್ಟೇ ಎಣಿಸಿ 'ಜನರ ಅಭಿಪ್ರಾಯ ಇದು' ಎಂದರೆ, ಚೀಲದ ಬಾಯಲ್ಲಿರುವ ಕಾಳನ್ನು ನೋಡಿ ಇಡೀ ಚೀಲಕ್ಕೆ ಬೆಲೆ ಕಟ್ಟಿದಂತೆ.

ಕೊನೆಯದಾಗಿ ಅಭಿಪ್ರಾಯ ಬದಲಿಸುವ ಬಗ್ಗೆ ಒಂದು ಮಾತು. ಇದೇ ಬಗೆಯ ಇನ್ನೊಂದು ಚಿತ್ರ 1994ರ 'ಇಂಟರ್‌ವ್ಯೂ ವಿತ್ ದ ವ್ಯಾಂಪೈರ್'. ಆನ್ ರೈಸ್ ಅವರ 1976ರ ಕಾದಂಬರಿ ಅದರ ಮೂಲ. ಲೆಸ್ಟಾಟ್ ಎಂಬ ಮುಖ್ಯ ಪಾತ್ರಕ್ಕೆ ಟಾಮ್ ಕ್ರೂಸ್ ಅವರನ್ನು ಆರಿಸಿದಾಗ ಲೇಖಕಿಯೇ ಬಹಿರಂಗವಾಗಿ ವಿರೋಧಿಸಿದರು. ಪಾತ್ರವನ್ನು ಸೃಷ್ಟಿಸಿದವರಿಗಿಂತ ಅದನ್ನು ಚೆನ್ನಾಗಿ ಬಲ್ಲವರು ಯಾರು? ಆದರೆ ಚಿತ್ರವನ್ನು ನೋಡಿದ ಮೇಲೆ ಅವರು ಸುಮ್ಮನಿರಲಿಲ್ಲ. ಚಿತ್ರರಂಗದ ಪತ್ರಿಕೆಯಲ್ಲಿ ಜಾಹೀರಾತಿನ ಜಾಗ ಕೊಂಡು ಚಿತ್ರವನ್ನೂ ಕ್ರೂಸ್ ಅವರ ಅಭಿನಯವನ್ನೂ ಹೊಗಳಿದರು. ವಿರೋಧಿಸಿದ್ದು ಎಷ್ಟು ಜೋರಾಗಿತ್ತೋ ಮೆಚ್ಚುಗೆಯೂ ಅಷ್ಟೇ ಜೋರಾಗಿತ್ತು. ಹೊಸ ಸಾಕ್ಷಿ ಸಿಕ್ಕಾಗ ತೀರ್ಮಾನವನ್ನು ತಿದ್ದಿಕೊಳ್ಳುವುದನ್ನು ವಿಜ್ಞಾನದಲ್ಲಿ ನಾವು ಸೋಲು ಎನ್ನುವುದಿಲ್ಲ. ಸಿನಿಮಾದಲ್ಲಿ ಮಾತ್ರ ಏಕೆ ಅನ್ನಬೇಕು?

ಆದ್ದರಿಂದ ಮಿತ್ರರೇ, ಮುಂದೆ ಯಾವುದೇ ಕಾದಂಬರಿಯಾಧಾರಿತ ಚಿತ್ರ ನೋಡಿದಾಗ ಒಂದು ಸಣ್ಣ ಅಭ್ಯಾಸ ಮಾಡಿ. ನೋಟ್ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡಿ. ನನಗೆ ಏನನ್ನಿಸಿತು? ಯಾವ ದೃಶ್ಯದಿಂದ ಹಾಗನ್ನಿಸಿತು? ಯಾವುದಕ್ಕೆ ಹೋಲಿಸಿ ಹಾಗೆಂದೆ? ಈ ಚಿತ್ರದಲ್ಲಿ ಯಾರ ಬದುಕನ್ನು ತೋರಿಸಿದ್ದಾರೋ ಅವರು ಏನನ್ನಬಹುದು? ಪಕ್ಕದ ಕುರ್ಚಿಯಲ್ಲಿ ಕುಳಿತು ಅದೇ ಚಿತ್ರ ನೋಡಿದ ಗೆಳೆಯನೋ ಗೆಳತಿಯೋ ಬೇರೆ ಅಂಕ ಕೊಟ್ಟರೆ, ಜಗಳಕ್ಕೆ ನಿಲ್ಲುವ ಮೊದಲು ಅವರ ನಾಲ್ಕು ಸಾಲನ್ನು ಕೇಳಿಸಿಕೊಳ್ಳಿ. ಅಳತೆಗೋಲು ಬೇರೆಯಾಗಿದ್ದರೆ ಇಬ್ಬರ ಉತ್ತರವೂ ಸರಿಯಿರಬಹುದು.