ಸಮವಸ್ತ್ರ, ಶಿಸ್ತು ಮತ್ತು ಅಂಕಪಟ್ಟಿ

(ಪ್ರೌಢಶಾಲೆಯೊಂದರ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈಗಿರುವ ಸರಳ ಉಡುಪಿನ ಬದಲಿಗೆ ಕೋಟು, ಟೈ ಮತ್ತು ಬೂಟುಗಳಿಂದ ಕೂಡಿದ ಹೊಸ ಸಮವಸ್ತ್ರವನ್ನು ಈ ಶಾಲೆಯಲ್ಲಿ ಜಾರಿಗೆ ತರಬೇಕೆಂಬ ಪ್ರಸ್ತಾಪ ನಮ್ಮ ಮುಂದಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಉತ್ತಮಪಡಿಸುವುದು ಇದರ ಉದ್ದೇಶವೆಂದು ಪ್ರಾಸ್ತಾವಿಕ ಭಾಷಣದಲ್ಲಿ ಕೇಳಿದೆವು. ಸಮುದಾಯದ ಸಂಸ್ಥೆಯೊಂದು ಫಲಿತಾಂಶದ ಬಗ್ಗೆ ಚಿಂತಿಸುತ್ತಿರುವುದೇ ಸಂತೋಷದ ಸಂಗತಿ. ಕಟ್ಟಡದ ಬಣ್ಣ ಮತ್ತು ವಾರ್ಷಿಕೋತ್ಸವದ ವೇದಿಕೆಯ ಬಗ್ಗೆ ಮಾತ್ರ ಚಿಂತಿಸುವ ಸಂಸ್ಥೆಗಳೂ ನಮ್ಮಲ್ಲಿ ಇಲ್ಲದಿಲ್ಲ.

ಪ್ರಸ್ತಾಪದ ಹಿಂದಿರುವ ವಾದವೇನು? ಸಮವಸ್ತ್ರದಿಂದ ಶಿಸ್ತು ಬರುತ್ತದೆ, ಶಿಸ್ತಿನಿಂದ ಅಂಕ ಬರುತ್ತದೆ, ಆದ್ದರಿಂದ ಸಮವಸ್ತ್ರದಿಂದ ಅಂಕ ಬರುತ್ತದೆ. ಮದ್ರಸಗಳಲ್ಲಿ ಮಂತಿಕ್, ಅಂದರೆ ತರ್ಕಶಾಸ್ತ್ರ, ಓದಿದವರಿಗೆ ಈ ವಾದದ ಆಕಾರ ಚಿರಪರಿಚಿತ. ಎರಡು ಪೀಠಿಕೆಗಳು, ಒಂದು ನಿರ್ಣಯ. ಆಕಾರ ಎಷ್ಟೇ ಸರಿಯಿರಲಿ, ಪೀಠಿಕೆಗಳನ್ನು ಪರೀಕ್ಷಿಸದೆ ನಿರ್ಣಯವನ್ನು ಒಪ್ಪಬಾರದೆಂಬುದು ಆ ಶಾಸ್ತ್ರದ ಮೊದಲ ಪಾಠ.

ಪರೀಕ್ಷಿಸೋಣ. ಅಮೇರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾಂಗ್ ಬೀಚ್ ನಗರದಲ್ಲಿ 1994ರಲ್ಲಿ ಸಾರ್ವಜನಿಕ ಶಾಲೆಗಳ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಸಮವಸ್ತ್ರವನ್ನು ಕಡ್ಡಾಯಗೊಳಿಸಲಾಯಿತು. ಶಾಲೆಗಳಲ್ಲಿ ಹೊಡೆದಾಟ, ಅಪರಾಧಗಳು ಇಳಿದವೆಂದು ಆಡಳಿತ ಹೇಳಿತು. 1996ರ ಜನವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ತಮ್ಮ ವಾರ್ಷಿಕ ಭಾಷಣದಲ್ಲೇ ಸಮವಸ್ತ್ರದ ಪರ ವಾದಿಸಿದರು. ಅನಂತರ ನೂರಾರು ಶಾಲೆಗಳು ಅದೇ ದಾರಿ ಹಿಡಿದವು. ಆದರೆ ಆ ವರ್ಷಗಳಲ್ಲಿ ಇಡೀ ಅಮೇರಿಕದಲ್ಲಿಯೇ ಅಪರಾಧಗಳು ಇಳಿಯುತ್ತಿದ್ದವೆಂಬುದನ್ನು ಮರೆಯಬಾರದು. 1998ರಲ್ಲಿ ಬ್ರನ್ಸ್‌ಮಾ ಮತ್ತು ರಾಕ್ಮೋರ್ ಎಂಬ ಸಮಾಜಶಾಸ್ತ್ರಜ್ಞರು ಹತ್ತನೇ ತರಗತಿಯ ವಿದ್ಯಾರ್ಥಿಗಳ ರಾಷ್ಟ್ರಮಟ್ಟದ ಅಂಕಿಅಂಶಗಳನ್ನು ಪರಿಶೀಲಿಸಿದರು. ಹಾಜರಾತಿ, ನಡವಳಿಕೆ, ಮಾದಕ ವಸ್ತುಗಳ ಸೇವನೆ ಇವುಗಳಲ್ಲಿ ಸಮವಸ್ತ್ರದ ನೇರ ಪ್ರಭಾವ ಅವರಿಗೆ ಕಾಣಲಿಲ್ಲ. ಕಲಿಕೆಯ ಮಟ್ಟದಲ್ಲಿ ಕಂಡದ್ದು ಅಲ್ಪ ಇಳಿಕೆಯೇ. 2012ರಲ್ಲಿ ಪ್ರಕಟವಾದ ಜೆಂಟೈಲ್ ಮತ್ತು ಇಂಬರ್‌ಮನ್ ಅವರ ಅಧ್ಯಯನ ಸ್ವಲ್ಪ ಬೇರೆ ಚಿತ್ರವನ್ನು ಕೊಟ್ಟಿತು. ದೊಡ್ಡ ತರಗತಿಗಳಲ್ಲಿ ಹಾಜರಾತಿ ತುಸು ಏರಿತ್ತು. ಅಂಕಗಳಲ್ಲಿ ಮಾತ್ರ ಹೇಳಿಕೊಳ್ಳುವಂತಹ, ಬಾಳಿಕೆಯ ವ್ಯತ್ಯಾಸವಿರಲಿಲ್ಲ.

ಹಾಗಾದರೆ ಸಮವಸ್ತ್ರ ನಿರುಪಯುಕ್ತವೇ? ಅಲ್ಲ. ಹಜ್ಜ್ ಯಾತ್ರೆಯಲ್ಲಿ ಶ್ರೀಮಂತ ವ್ಯಾಪಾರಿಯೂ ಕೂಲಿಕಾರನೂ ಅದೇ ಎರಡು ಹೊಲಿಗೆಯಿಲ್ಲದ ಬಿಳಿವಸ್ತ್ರಗಳನ್ನು ಧರಿಸಿ ನಿಲ್ಲುತ್ತಾರೆ. ಸಮಾನ ಉಡುಪಿನ ಬೆಲೆಯನ್ನು ಇನ್ನೊಬ್ಬರಿಂದ ಕಲಿಯಬೇಕಾದ ಸಮುದಾಯ ನಮ್ಮದಲ್ಲ. ಆದರೆ ಇಹ್ರಾಮ್ ಧರಿಸಿದ ಮಾತ್ರಕ್ಕೆ ಹಜ್ಜ್ ನೆರವೇರಿತೆಂದು ಯಾರೂ ಭಾವಿಸುವುದಿಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು. ಇಹ್ರಾಮಿನ ವಸ್ತ್ರ ಎಲ್ಲರ ಕೈಗೆಟಕುವಷ್ಟು ಸರಳವಾಗಿದೆ. ಟೈ ಮತ್ತು ಕೋಟು ಹಾಗಿವೆಯೇ?

ಇಲ್ಲಿಯೇ ಆಫ್ರಿಕಾದ ಕೀನ್ಯಾ ದೇಶದ ಅನುಭವ ನಮಗೆ ಅಮೇರಿಕಕ್ಕಿಂತ ಹೆಚ್ಚು ಹತ್ತಿರವಾಗುತ್ತದೆ. ಅಲ್ಲಿ ಶಾಲಾಶುಲ್ಕ ರದ್ದಾದ ಮೇಲೂ ಸಮವಸ್ತ್ರದ ಖರ್ಚು ಬಡವರ ಪಾಲಿಗೆ ಹೊರೆಯಾಗಿಯೇ ಉಳಿದಿತ್ತು. ಸಂಶೋಧಕರು ಚೀಟಿ ಎತ್ತಿ ಕೆಲವು ಮಕ್ಕಳಿಗೆ ಸಮವಸ್ತ್ರವನ್ನು ಉಚಿತವಾಗಿ ಕೊಡಿಸಿ, ಅವರನ್ನು ಉಳಿದ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಉಡುಪು ಸಿಕ್ಕ ಮಕ್ಕಳ ಗೈರುಹಾಜರಿ ಸರಾಸರಿ ಶೇ. 37ರಷ್ಟು ಇಳಿಯಿತು. ಮೊದಲು ಸಮವಸ್ತ್ರವೇ ಇಲ್ಲದಿದ್ದ ಮಕ್ಕಳಲ್ಲಿ ಇಳಿಕೆ ಶೇ. 55ರಷ್ಟಿತ್ತು. ಅದೇ ದೇಶದ ಪಶ್ಚಿಮ ಭಾಗದಲ್ಲಿ ನಡೆದ ಮತ್ತೊಂದು ಪ್ರಯೋಗದಲ್ಲಿ, ಉಚಿತ ಸಮವಸ್ತ್ರ ಪಡೆದ ಹುಡುಗಿಯರು ಶಾಲೆ ಬಿಡುವುದು ಕಡಿಮೆಯಾಯಿತು, ಎಳೆಯ ವಯಸ್ಸಿನ ಮದುವೆಗಳೂ ಕಡಿಮೆಯಾದವು. ನಿಜ, ಮೊದಲ ಪ್ರಯೋಗದ ಮಕ್ಕಳನ್ನು ಎಂಟು ವರ್ಷಗಳ ಬಳಿಕ ಮತ್ತೆ ನೋಡಿದಾಗ ಅವರು ಇತರರಿಗಿಂತ ಹೆಚ್ಚು ತರಗತಿಗಳನ್ನೇನೂ ಮುಗಿಸಿರಲಿಲ್ಲ. ಉಡುಪು ಮಗುವನ್ನು ತರಗತಿಯ ಬಾಗಿಲಿಗೆ ತಲುಪಿಸಬಲ್ಲದು. ಒಳಗಿನ ಕೆಲಸ ಅಧ್ಯಾಪಕರದು.

ಅಮೇರಿಕದಲ್ಲಿ ಸಮವಸ್ತ್ರವನ್ನು ವಿಧಿಸಲಾಯಿತು, ಕೀನ್ಯಾದಲ್ಲಿ ಅದನ್ನು ಕೊಡಲಾಯಿತು. ಈ ಎರಡು ಕ್ರಿಯಾಪದಗಳ ನಡುವಿನ ಅಂತರವನ್ನು ಆಡಳಿತ ಮಂಡಳಿ ದಯವಿಟ್ಟು ಗಮನಿಸಬೇಕು. ಆರರಿಂದ ಹದಿನಾಲ್ಕು ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ನಾಲ್ಕರಲ್ಲೊಂದು ಪಾಲು ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆಂದು 2006ರ ಸಾಚಾರ್ ಸಮಿತಿಯ ವರದಿ ಹೇಳಿತ್ತು. ಅಂತಹ ಸಮುದಾಯದ ಶಾಲೆಯೊಂದು ತನ್ನ ಬಾಗಿಲಿಗೆ ಹೊಸ ಮೆಟ್ಟಿಲನ್ನು ಸೇರಿಸುವ ಮೊದಲು ಹತ್ತು ಬಾರಿ ಯೋಚಿಸಬೇಕು.

ಇನ್ನು ಇಂಗ್ಲೆಂಡಿನ ಲೂಟನ್ ಪಟ್ಟಣದ ಡೆನ್‌ಬಿ ಹೈಸ್ಕೂಲಿನ ವಿಷಯ. ಸಮವಸ್ತ್ರದ ಬಗ್ಗೆ ಮಾತನಾಡುವ ಪ್ರತಿಯೊಂದು ಮುಸ್ಲಿಮ್ ಆಡಳಿತ ಮಂಡಳಿಯೂ ಈ ಶಾಲೆಯ ಕಥೆಯನ್ನು ಓದಬೇಕೆಂಬುದು ನಮ್ಮ ಅಭಿಪ್ರಾಯ. ಅದು ಸರಕಾರಿ ಶಾಲೆ. ಪ್ರಕರಣದ ಕಾಲದಲ್ಲಿ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 79 ಮಂದಿ ಮುಸ್ಲಿಮರಾಗಿದ್ದರು. ಆಗಿನ ಮುಖ್ಯೋಪಾಧ್ಯಾಯಿನಿ ಯಾಸ್ಮಿನ್ ಬೆವನ್ ಬಂಗಾಳಿ ಮುಸ್ಲಿಮ್ ಕುಟುಂಬದಲ್ಲಿ ಹುಟ್ಟಿ, ಭಾರತ, ಪಾಕಿಸ್ತಾನ ಮತ್ತು ಬಂಗ್ಲಾದೇಶಗಳಲ್ಲಿ ಬೆಳೆದವರು. 1991ರಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ಶಾಲೆಯ ಫಲಿತಾಂಶ ದೇಶದ ಸರಾಸರಿಗಿಂತ ಕೆಳಗಿತ್ತು. ಅನಂತರದ ವರ್ಷಗಳಲ್ಲಿ ಅದು ಸ್ಪಷ್ಟವಾಗಿ ಮೇಲೆದ್ದಿತು. ಈ ಸುಧಾರಣೆಯಲ್ಲಿ ಸಮವಸ್ತ್ರಕ್ಕೂ ಅವಿಭಾಜ್ಯ ಪಾತ್ರವಿದೆಯೆಂದು ಅವರು ನಂಬಿದ್ದರು. ಪಾತ್ರವಿದೆಯೆಂದರೇ ಹೊರತು ಅದೇ ಸರ್ವಸ್ವವೆಂದಲ್ಲ.

ಆ ಶಾಲೆ ಸಮವಸ್ತ್ರವನ್ನು ರೂಪಿಸಿದ ರೀತಿಯನ್ನು ನೋಡಿರಿ. 1993ರಲ್ಲಿ ಉಡುಪಿನ ನಿಯಮವನ್ನು ಮರುಪರಿಶೀಲಿಸಲು ಸಮಿತಿಯನ್ನು ನೇಮಿಸಲಾಯಿತು. ತಂದೆ ತಾಯಂದಿರು, ವಿದ್ಯಾರ್ಥಿಗಳು, ಅಧ್ಯಾಪಕರು, ಜೊತೆಗೆ ಊರಿನ ಮೂರು ಮಸೀದಿಗಳ ಇಮಾಮರನ್ನೂ ಕೇಳಲಾಯಿತು. ಹುಡುಗಿಯರಿಗೆ ಸಲ್ವಾರ್ ಕಮೀಝ್‌ನ ಆಯ್ಕೆ ದೊರೆಯಿತು. ಬಯಸುವವರಿಗೆ ಸಮವಸ್ತ್ರದ ಬಣ್ಣದ ಶಿರವಸ್ತ್ರಕ್ಕೂ ಅವಕಾಶವಾಯಿತು. ಆ ಸಲ್ವಾರ್ ಕಮೀಝನ್ನು ಹಿಂದೂ ಮತ್ತು ಸಿಖ್ ಹುಡುಗಿಯರೂ ಧರಿಸುತ್ತಿದ್ದರು. ಶಿರವಸ್ತ್ರ ಮತ್ತು ಸಮವಸ್ತ್ರ ಪರಸ್ಪರ ವೈರಿಗಳೆಂಬ ಕಲ್ಪನೆ ಅಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ಇಷ್ಟೆಲ್ಲ ಆದ ಮೇಲೂ ಪ್ರಕರಣವೊಂದು ಹುಟ್ಟಿತು. 2002ರ ಸೆಪ್ಟೆಂಬರ್‌ನಲ್ಲಿ, ಎರಡು ವರ್ಷ ಸಲ್ವಾರ್ ಕಮೀಝ್ ಧರಿಸಿ ಬರುತ್ತಿದ್ದ ಬಾಲಕಿಯೊಬ್ಬಳು ತನಗೆ ಉದ್ದನೆಯ ಜಿಲ್‌ಬಾಬ್ ಬೇಕೆಂದಳು. ಸಮವಸ್ತ್ರದಲ್ಲಿ ಬರುವಂತೆ ಶಾಲೆ ಹೇಳಿತು. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಬಾಲಕಿಯ ಪರವಾಗಿಯೂ, 2006ರ ಮಾರ್ಚ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್ ಶಾಲೆಯ ಪರವಾಗಿಯೂ ತೀರ್ಪಿತ್ತವು. ಶಾಲೆ ಸಮುದಾಯದೊಡನೆ ಸಮಾಲೋಚಿಸಿಯೇ ನಿಯಮ ಮಾಡಿತ್ತೆಂಬುದನ್ನು ಲಾರ್ಡ್‌ಗಳು ಪರಿಗಣಿಸಿದರು. ಜಿಲ್‌ಬಾಬ್ ಕಡ್ಡಾಯವೇ ಎಂಬ ಕರ್ಮಶಾಸ್ತ್ರದ ಚರ್ಚೆಗೆ ಇದು ವೇದಿಕೆಯಲ್ಲ. ಯಾರು ಗೆದ್ದರೂ ಆ ಬಾಲಕಿಯ ಓದಿನ ಸುಮಾರು ಎರಡು ವರ್ಷಗಳು ಹೋದವು ಎಂಬುದೇ ನಮ್ಮನ್ನು ಕಾಡುವ ವಿಷಯ.

ನಮ್ಮ ರಾಜ್ಯದಲ್ಲಿ 2022ರಲ್ಲಿ ನಡೆದುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ನಿಮ್ಮಲ್ಲಿ ಹಲವರ ಮನೆಯ ಮಕ್ಕಳೇ ಅದನ್ನು ಅನುಭವಿಸಿದ್ದಾರೆ. ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಹೆಣ್ಣುಮಗುವಿಗೆ ಶಿಕ್ಷಣವನ್ನು ನಿರಾಕರಿಸಿ ನಾವು ಅವಳ ಬದುಕನ್ನು ಉತ್ತಮಗೊಳಿಸುತ್ತಿದ್ದೇವೆಯೇ ಎಂಬರ್ಥದ ಪ್ರಶ್ನೆಯನ್ನು ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಎತ್ತಿದ್ದರು. ಆ ಪ್ರಶ್ನೆಯನ್ನು ಸರಕಾರದ ಮುಂದಿಡಲು ನಮಗೆ ಉತ್ಸಾಹವಿದೆ. ಬೂಟು ಹರಿದಿದೆಯೆಂದು, ಟೈ ಇಲ್ಲವೆಂದು ನಮ್ಮದೇ ಶಾಲೆಯ ಗೇಟಿನಲ್ಲಿ ಮಗುವನ್ನು ತಡೆದರೆ, ಅದೇ ಪ್ರಶ್ನೆ ನಮ್ಮತ್ತ ತಿರುಗುವುದಿಲ್ಲವೇ?

ಆದ್ದರಿಂದ ನಮ್ಮ ಸಲಹೆಗಳು ತೀರಾ ಲೌಕಿಕವಾದವು. ಕರ್ನಾಟಕದ ಶಿಕ್ಷಣ ಸಂಸ್ಥೆಗಳಿಗೆ ಸಂಬಂಧಿಸಿದ 1995ರ ನಿಯಮಗಳ 11ನೇ ನಿಯಮದಂತೆ, ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸುವುದಿದ್ದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲೇ ಸೂಚನೆ ಕೊಡಬೇಕು. ಬರುವ ಜೂನ್‌ನಿಂದಲೇ ಎಂಬ ಅವಸರ ಈ ನಿಯಮಕ್ಕೆ ಹೊಂದುವುದಿಲ್ಲ. ಸಿಗುವ ಆ ಒಂದು ವರ್ಷವನ್ನು ಸಮಾಲೋಚನೆಗೆ ಬಳಸಿಕೊಳ್ಳಿರಿ. ವಿಶ್ವಾಸಿಗಳ ವ್ಯವಹಾರ ಪರಸ್ಪರ ಸಮಾಲೋಚನೆಯಿಂದ ನಡೆಯುತ್ತದೆಂದು ಶೂರಾ ಅಧ್ಯಾಯ ಕಲಿಸುತ್ತದೆ. ಆ ಸಮಾಲೋಚನೆಯಲ್ಲಿ ತಾಯಂದಿರಿಗೂ ಸ್ಥಾನವಿರಲಿ. ಬಟ್ಟೆ ಒಗೆಯುವವರು, ಹರಿದುದನ್ನು ಹೊಲಿಯುವವರು, ಅಕ್ಕನ ಕಮೀಝನ್ನು ತಂಗಿಗೆ ಸರಿಹೊಂದಿಸುವವರು ಅವರೇ ತಾನೇ? ಇಂದಿನ ವೇದಿಕೆಯಲ್ಲಿ ಒಬ್ಬ ಸಹೋದರಿಯೂ ಇಲ್ಲದಿರುವುದನ್ನು ಅಧ್ಯಕ್ಷರು ಅನ್ಯಥಾ ಭಾವಿಸದೆ ಗಮನಿಸಬೇಕು.

ಒಂದೇ ಅಂಗಡಿಯಲ್ಲಿ ಖರೀದಿಸಬೇಕೆಂಬ ಷರತ್ತು ಬೇಡ. ಬಟ್ಟೆಯ ಬಣ್ಣವನ್ನು ಗೊತ್ತುಪಡಿಸಿ ಹೊಲಿಗೆಯನ್ನು ಪೋಷಕರಿಗೆ ಬಿಡಿರಿ. ಊರಿನಲ್ಲಿ ಹೊಲಿಗೆಯಿಂದಲೇ ಜೀವನ ಸಾಗಿಸುವ ವಿಧವೆಯರಿದ್ದಾರೆ. ಕರಾವಳಿಯ ಸೆಕೆಗೆ, ಜೂನ್ ಜುಲೈಯ ಮಳೆಗೆ ಕೋಟು ಯಾತಕ್ಕೆಂಬುದು ನಮಗಂತೂ ಅರ್ಥವಾಗಿಲ್ಲ. ಸರಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಉಚಿತ ಸಮವಸ್ತ್ರದ ವ್ಯವಸ್ಥೆಯಿದೆ. ಇಲ್ಲಿನ ಬಡ ಮಕ್ಕಳಿಗಾಗಿ ಮಂಡಳಿ ದಾನಿಗಳಿಂದ ನಿಧಿ ಸಂಗ್ರಹಿಸಲಿ. ಯಾರಿಗೆ ಕೊಟ್ಟೆವೆಂಬುದು ತರಗತಿಯಲ್ಲಿ ತಿಳಿಯದಿರಲಿ, ಪತ್ರಿಕೆಗೆ ಫೋಟೋ ಬೇಡ. ಇದನ್ನು ಪತ್ರಕರ್ತರಾಗಿಯೇ ಹೇಳುತ್ತಿದ್ದೇವೆ.

ಕೊನೆಯದಾಗಿ, ಫಲಿತಾಂಶದ ಬಗ್ಗೆ. ಗಣಿತ ಮತ್ತು ಇಂಗ್ಲಿಷ್‌ನಲ್ಲಿ ಹಿಂದುಳಿದ ಮಕ್ಕಳ ಪಟ್ಟಿ ಮುಖ್ಯೋಪಾಧ್ಯಾಯರ ಬಳಿ ಇದೆ. ಕೋಟು ಮತ್ತು ಟೈಗೆ ಪೋಷಕರೆಲ್ಲರೂ ಸೇರಿ ಎಷ್ಟು ಹಣ ತೆರಬೇಕಾಗುತ್ತದೆಂದು ಲೆಕ್ಕ ಹಾಕಿರಿ. ಅದೇ ಮೊತ್ತದಿಂದ ಸಂಜೆಯ ತರಗತಿಗಳಿಗೆ ಎಷ್ಟು ಅಧ್ಯಾಪಕರನ್ನು ಎಷ್ಟು ತಿಂಗಳು ನೇಮಿಸಬಹುದೆಂಬ ಲೆಕ್ಕವನ್ನೂ ಅದರ ಪಕ್ಕದಲ್ಲಿಯೇ ಬರೆದು, ಮುಂದಿನ ಸಭೆಯಲ್ಲಿ ಎರಡನ್ನೂ ಒಟ್ಟಿಗೆ ಪೋಷಕರ ಮುಂದಿಡಿರಿ.